ಊದಿ ನೋಡುವ ಮಷಿನ್: ಕೀಚೈನ್ ಬೇಡ, ದೊಡ್ಡದು ಆಗಬಹುದು

ಮನೆಯಲ್ಲಿ ಇಟ್ಟುಕೊಳ್ಳುವ ಬ್ರೆತ್ ಅನಲೈಸರ್ ಬಗ್ಗೆ ಇದು. ರಾತ್ರಿ ಹೊತ್ತು ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸಿ ಬಾಯಿಗೆ ಹಿಡಿಯುತ್ತಾರಲ್ಲ, ಅದರದೇ ಸಣ್ಣ ಜಾತಿ. ನಮ್ಮ ಮನೆಗೆ ಎರಡು ಬಂದವು. ಒಂದು ಕೀಚೈನ್ ಥರದ್ದು, ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಕ್ಕಿತು. ಇನ್ನೊಂದನ್ನು ಹುಬ್ಬಳ್ಳಿಯ ಒಂದು ಸರ್ಜಿಕಲ್ ಅಂಗಡಿಯಿಂದ ತಂದೆವು, ಆರು ಸಾವಿರದ ಮೇಲಾಯಿತು. ಮೊದಲನೆಯದು ಆಟದ ಸಾಮಾನು, ದುಡ್ಡು ದಂಡ. ಎರಡನೆಯದು ಕೆಲಸ ಮಾಡುತ್ತದೆ. ಆದರೆ ಅದು ತೋರಿಸುವ ಅಂಕಿಯನ್ನು ಓದಲು ಬರಬೇಕು.

ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತಿಯಾದವಳು. ಈಗ ಧಾರವಾಡದ ಮಾಳಮಡ್ಡಿಯಲ್ಲಿ ಇದ್ದೇನೆ. ನಮ್ಮ ಮನೆಯಲ್ಲಿ ದಿನಾ ಕುಡಿಯುವವರು ಯಾರೂ ಇಲ್ಲ. ಹಾಗಾದರೆ ಇದು ಯಾಕೆ ಬಂತು ಅಂತ ನೀವು ಕೇಳಬಹುದು. ಬಂದದ್ದು ರಾಜಕೀಯದಿಂದ!

ನನ್ನ ತಮ್ಮ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಊರಿನ ಒಂದು ವಾರಪತ್ರಿಕೆಗೆ ರಾಜಕೀಯ ಅಂಕಣ ಬರೆಯುತ್ತಾನೆ. ಓದುವವರು ಜಾಸ್ತಿ ಏನಿಲ್ಲ. ಕೆಸಿಡಿ ಕಾಲೇಜಿನಲ್ಲಿ ಅವನ ಜೊತೆ ಓದಿದವರು, ಬ್ಯಾಂಕಿನವರು, ಬೆಳಿಗ್ಗೆ ವಾಕಿಂಗ್‌ಗೆ ಬರುವವರು. ಆದರೆ ಇವರು ಓದಿ ಸುಮ್ನೆ ಇರುವವರಲ್ಲ, ಸಾಲು ಹಿಡಿದು ಕೇಳುತ್ತಾರೆ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗ ಪೋರ್ಷೆ ಕಾರು ಗುದ್ದಿಸಿ ಇಬ್ಬರು ಎಂಜಿನಿಯರ್‌ಗಳು ಸತ್ತರಲ್ಲ, ಆಗ ಇವನು ಮಾಧ್ಯಮದವರೇ ಜಡ್ಜ್ ಆಗಿಬಿಟ್ಟಿದ್ದಾರೆ ಅಂತ ಒಂದು ಖಾರದ ಅಂಕಣ ಬರೆದ. ವಿಷಯ ಸರಿಯಾಗಿಯೇ ಇತ್ತು. ಆದರೆ ಉದಾಹರಣೆಗೆ ಕೇರಳದ ಒಂದು ಕೇಸು ಎಳೆದು ತಂದ.

ಆ ಕೇಸು 2019ರದು. ಆಗಸ್ಟ್ 3ರ ನಡುರಾತ್ರಿ ತಿರುವನಂತಪುರದಲ್ಲಿ ಒಬ್ಬ ಐಎಎಸ್ ಅಧಿಕಾರಿ ಇದ್ದ ಕಾರು ಬೈಕಿಗೆ ಗುದ್ದಿ, ಕೆ.ಎಂ. ಬಶೀರ್ ಅನ್ನುವ ಪತ್ರಕರ್ತರು ತೀರಿಕೊಂಡರು. ಅಧಿಕಾರಿ ಕುಡಿದು ಓಡಿಸುತ್ತಿದ್ದರು ಅನ್ನೋದು ಆರೋಪ. ರಕ್ತದ ವರದಿಯಲ್ಲಿ ಆಲ್ಕೋಹಾಲ್ ಸಿಗಲಿಲ್ಲ. ನನ್ನ ತಮ್ಮ ಅಷ್ಟನ್ನೇ ಹಿಡಿದುಕೊಂಡು, ರಕ್ತದಲ್ಲಿ ಸೊನ್ನೆ ಬಂದ ಮೇಲೂ ಒಬ್ಬ ನಿರಪರಾಧಿಯನ್ನು ಕುಡುಕ ಅಂತ ಕರೆದರು ನೋಡಿ ಅಂತ ಬರೆದುಬಿಟ್ಟ.

ಪತ್ರಿಕೆ ಓದಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ರಕ್ತ ಎಷ್ಟೊತ್ತಿಗೆ ತಗದ್ರು?"

"ಅದು ಯಾಕ್ ಬೇಕ ಅಕ್ಕಾ? ಸೊನ್ನಿ ಅಂದ್ರ ಸೊನ್ನಿ."

ಅಪಘಾತವಾದದ್ದು ರಾತ್ರಿ ಒಂದರ ಸುಮಾರಿಗೆ. ರಕ್ತ ತೆಗೆದದ್ದು ಬೆಳಗಾಗಿ, ಒಂಬತ್ತು ತಾಸು ಕಳೆದ ಮೇಲೆ. ಈ ತಡದ ಬಗ್ಗೆಯೇ ಕೇರಳದಲ್ಲಿ ಅಷ್ಟು ಗದ್ದಲ ಆದದ್ದು. ನಮ್ಮವನ ಅಂಕಣದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಒಂಬತ್ತು ತಾಸಿನಲ್ಲಿ ಏನಾಗುತ್ತದೆ ಅಂತ ನಾನು ಹೇಳಿದರೆ ನಂಬಲು ತಯಾರಿಲ್ಲ. "ತೋರ್ಸು" ಅಂದ. ತೋರಿಸೋಣ ಅಂತ ತಾನೇ ಮೊಬೈಲ್ ತೆಗೆದು ಕೀಚೈನ್ ಮಷಿನ್‌ಗೆ ಆರ್ಡರ್ ಹಾಕಿದ.

ಕೀಚೈನ್ ಕಥೆಯನ್ನು ಬೇಗ ಮುಗಿಸುತ್ತೇನೆ. ಎರಡು ಸಣ್ಣ ಸೆಲ್ ಹಾಕಬೇಕು. ಬಟನ್ ಒತ್ತಿದರೆ ಬಿಸಿಯಾಗಲು ಸ್ವಲ್ಪ ಹೊತ್ತು ಎಣಿಸುತ್ತದೆ, ಆಮೇಲೆ ತೂತಿನ ಮೇಲೆ ಊದಬೇಕು. ಊದಲು ಪೈಪ್ ಇಲ್ಲ. ಮನೆಯಲ್ಲಿ ಒಬ್ಬರೂ ಹನಿ ಮುಟ್ಟದ ದಿನ ತಮ್ಮನ ಹೆಂಡತಿ ಗಿರಮಿಟ್ ಮಾಡಿದ್ದಳು. ಹಸಿ ಉಳ್ಳಾಗಡ್ಡಿ ಹಾಕಿದ್ದು, ಜೊತೆಗೆ ಮಿರ್ಚಿ. ತಿಂದು ಊದಿದವರಲ್ಲಿ ನನಗೆ ಸೊನ್ನೆ ಬಂತು, ಅವಳಿಗೆ ಕೆಂಪು ದೀಪ ಹತ್ತಿತು. ಪಾಪ, ಏಕಾದಶಿ ಹಿಡಿಯುವ ಹೆಂಗಸು. ಅವಳು ಅಡುಗೆಮನೆಯಿಂದ ಬರುವಾಗ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬಂದಿದ್ದಳು ಅನ್ನೋದು ಆಮೇಲೆ ತಿಳಿಯಿತು. ಕೈ ಒಣಗಿದ ಮೇಲೆ ಊದಿಸಿದರೆ ದೀಪ ಹತ್ತಲಿಲ್ಲ. ಇನ್ನೊಂದು ದಿನ ಸ್ಯಾನಿಟೈಸರ್ ಇಲ್ಲದೆಯೂ ಹತ್ತಿತು.

ಕಾರಣ ಇದೆ. ಕಡಿಮೆ ಬೆಲೆಯವುಗಳಲ್ಲಿ ಇರೋದು ಸೆಮಿಕಂಡಕ್ಟರ್ ಸೆನ್ಸರ್. ಬಿಸಿ ಮಾಡಿದ ಟಿನ್ ಆಕ್ಸೈಡ್ ಪದರಕ್ಕೆ ಆವಿ ತಾಗಿದಾಗ ಅದರ ವಿದ್ಯುತ್ ತಡೆ ಬದಲಾಗುತ್ತದೆ, ಅದನ್ನೇ ಅಂಕಿ ಮಾಡಿ ತೋರಿಸುತ್ತದೆ. ಆ ಪದರಕ್ಕೆ ಆಲ್ಕೋಹಾಲ್ ಬೇರೆ, ಅಸಿಟೋನ್ ಬೇರೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ಉಸಿರಿನಲ್ಲಿ ಅಸಿಟೋನ್ ಇರುತ್ತದೆ. ಉಪವಾಸ ಇದ್ದವರಲ್ಲೂ ಸ್ವಲ್ಪ ಬರುತ್ತದೆ. ಇಂಥ ಮಷಿನ್ ಇಟ್ಟುಕೊಂಡು ನಿಮ್ಮ ಡ್ರೈವರ್ ಮೇಲೆ ಗೂಬೆ ಕೂರಿಸಬೇಡಿ. ಮಗನ ಮೇಲಂತೂ ಬೇಡವೇ ಬೇಡ.

ದೊಡ್ಡದನ್ನು ನಾನೇ ನಿಂತು ಆರಿಸಿದೆ. ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಸರ್ಜಿಕಲ್ ಅಂಗಡಿಗಳಲ್ಲಿ "ಫ್ಯುಯೆಲ್ ಸೆಲ್ ಇದ್ದದ್ದು ಕೊಡ್ರಿ" ಅಂತ ಕೇಳಿದೆವು. ಮೊದಲ ಅಂಗಡಿಯವರು ಬಿಪಿ ಮಷಿನ್ ತೋರಿಸಿದರು. ಎರಡನೆಯವರಿಗೆ ವಿಷಯ ಗೊತ್ತಿತ್ತು. "ಟ್ರಾವೆಲ್ಸ್‌ನವರು ಒಯ್ತಾರ್ರೀ, ಫ್ಯಾಕ್ಟರಿಯವರು ಒಯ್ತಾರ. ಮನಿಗೆ ಅಂತ ಒಯ್ಯೋರು ನೀವ ಮೊದಲು" ಅಂದರು. ಡಬ್ಬಿ ಒಡೆದು ಸೆಲ್ ಹಾಕಿ ಚಾಲೂ ಮಾಡಿ ತೋರಿಸಿದರು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆದುಕೊಟ್ಟರು. ಅಂಗಡಿಯವರ ಬಗ್ಗೆ ತಕರಾರಿಲ್ಲ.

ಫ್ಯುಯೆಲ್ ಸೆಲ್ ಬೇರೆ ಥರ ಕೆಲಸ ಮಾಡುತ್ತದೆ. ಉಸಿರಿನಲ್ಲಿರುವ ಆಲ್ಕೋಹಾಲ್ ಒಳಗಿನ ಪ್ಲಾಟಿನಂ ಪದರದ ಮೇಲೆ ಅಸಿಟಿಕ್ ಆಮ್ಲವಾಗಿ ಬದಲಾಗುವಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ. ಅಸಿಟೋನ್‌ಗೆ ಇದು ಮೋಸ ಹೋಗುವುದಿಲ್ಲ. ಪೊಲೀಸರ ಕೈಯಲ್ಲಿರುವ ಒಳ್ಳೆಯ ಮಷಿನ್‌ಗಳಲ್ಲೂ ಇದೇ ಸೆನ್ಸರ್. ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಉಸಿರು ತುಂಬಿಕೊಂಡು, ಬೀಪ್ ನಿಲ್ಲುವ ತನಕ ಒಂದೇ ಸಮ ಊದಬೇಕು. ಪುಪ್ಪುಸದ ತಳದ ಗಾಳಿ ಬಂದಾಗಲೇ ಒಳಗೆ ಟಕ್ ಅಂತ ಸದ್ದಾಗುತ್ತದೆ. ಮಧ್ಯೆ ಬಿಟ್ಟರೆ ಮತ್ತೆ ಮೊದಲಿಂದ. ವಯಸ್ಸಾದವರಿಗೆ, ದಮ್ಮು ಇದ್ದವರಿಗೆ ಇದು ಸ್ವಲ್ಪ ಕಷ್ಟ.

ಶನಿವಾರ ರಾತ್ರಿ ಪರೀಕ್ಷೆ ಇಟ್ಟೆವು. ತಮ್ಮ ಹಬ್ಬ ಹುಣ್ಣಿಮೆ ಅಂತಿಲ್ಲ, ಗೆಳೆಯರು ಬಂದರೆ ಮಾತ್ರ ತೆಗೆದುಕೊಳ್ಳುವವ. ತೂಕ ಎಂಬತ್ತರ ಆಸುಪಾಸು. ರೊಟ್ಟಿ, ಬದನಿಕಾಯಿ ಪಲ್ಲೆ ಊಟದ ಜೊತೆ ನೈಂಟಿ, ಅಂದರೆ 90 ಮಿಲಿಲೀಟರ್ ವಿಸ್ಕಿ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ 42.8%. ಲೆಕ್ಕ ಹಾಕಿದರೆ ನೈಂಟಿಯಲ್ಲಿ ಹತ್ತಿರ ಹತ್ತಿರ 30 ಗ್ರಾಂ ಶುದ್ಧ ಆಲ್ಕೋಹಾಲ್. ನಾನು ನೋಟ್‌ಬುಕ್ ಹಿಡಿದು ಗಡಿಯಾರದ ಕೆಳಗೆ ಕುಳಿತೆ.

ಕೊನೆಯ ಗುಟುಕು ಇಳಿದ ಕೂಡಲೇ ಊದಿಸಿದರೆ ಮಷಿನ್ ಹುಚ್ಚು ಹಿಡಿದ ಹಾಗೆ ದೊಡ್ಡ ಅಂಕಿ ತೋರಿಸಿತು. ಅದು ಬಾಯಲ್ಲಿ ಉಳಿದದ್ದು, ರಕ್ತದ್ದಲ್ಲ. ಅದಕ್ಕೇ ಹದಿನೈದು ನಿಮಿಷ ಕಾಯಬೇಕು ಅನ್ನೋದು. ಮೌತ್‌ವಾಶ್ ಮುಕ್ಕಳಿಸಿದರೂ ಇದೇ ಗತಿ, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಇದೇ ಗತಿ.

ಊಟವಾಗಿ ಒಂದು ತಾಸಿಗೆ ಮತ್ತೆ ಊದಿದ. 0.20 ಬಂತು.

ತಮ್ಮನ ಮುಖ ಅರಳಿತು. "ಕಾನೂನಿನಾಗ ಮೂವತ್ತು ಐತಿ. ನಂದು ಒಂದೂ ಇಲ್ಲ!"

ತೊಂದರೆ ಇರುವುದು ಇಲ್ಲೇ. ಮಷಿನ್ ಫ್ಯಾಕ್ಟರಿಯಿಂದ ಬರುವಾಗ ಒಂದು ಲೀಟರ್ ಉಸಿರಿನಲ್ಲಿ ಎಷ್ಟು ಮಿಲಿಗ್ರಾಂ ಅಂತ ತೋರಿಸುವ ಹಾಗೆ ಸೆಟ್ ಆಗಿ ಬಂದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ 30 ಮಿಲಿಗ್ರಾಂ ಇರೋದು 100 ಮಿಲಿಲೀಟರ್ ರಕ್ತದಲ್ಲಿ. ಅದನ್ನೇ ಶೇಕಡಾ ಲೆಕ್ಕದಲ್ಲಿ ಹೇಳಿದರೆ 0.03. ಸಾವಿರಕ್ಕೆ ಎಷ್ಟು ಅಂತ ಹೇಳುವ ದೇಶಗಳಲ್ಲಿ 0.3. ಉಸಿರಿನ ಲೆಕ್ಕದಲ್ಲಿ ಸುಮಾರು 0.14. ಒಂದು ಮಿಲಿಲೀಟರ್ ರಕ್ತದಲ್ಲಿ ಇರುವಷ್ಟು ಆಲ್ಕೋಹಾಲ್ 2,100 ಮಿಲಿಲೀಟರ್ ಉಸಿರಿನಲ್ಲಿ ಇರುತ್ತದೆ ಅಂತ ಹಿಡಿದು ಈ ಲೆಕ್ಕ ಮಾಡುತ್ತಾರೆ. ನಾಲ್ಕು ಅಂಕಿಗಳೂ ಒಂದೇ. ನಮ್ಮವನ 0.20 ಅಂದರೆ ರಕ್ತದ ಲೆಕ್ಕದಲ್ಲಿ 42 ಮಿಲಿಗ್ರಾಂ. ಅಂದರೆ ಅವನು ಆಗ ಸ್ಕೂಟರ್ ಹತ್ತಿದ್ದರೆ ಕೇಸು. ಮೊದಲ ಸಲಕ್ಕೆ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಬೇಕಾದರೆ ಎರಡೂ. 2019ರ ತಿದ್ದುಪಡಿಯ ನಂತರದ ದರ ಇದು.

ಮೆನು ಒಳಗೆ ಹೋಗಿ ಶೇಕಡಾಕ್ಕೆ ಬದಲಿಸಿದೆ. ಅಲ್ಲೂ ಒಂದು ಕಿತಾಪತಿ ಇತ್ತು. ಎಚ್ಚರಿಕೆ ಗಂಟೆ 0.05ಕ್ಕೆ ಹೊಡೆಯುವ ಹಾಗೆ ಇಟ್ಟಿದ್ದರು. ನಮ್ಮ ಮಿತಿ 0.03 ಅಲ್ವಾ? ಇಂಗ್ಲೆಂಡಿನಲ್ಲಿ, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 0.08ರವರೆಗೂ ಬಿಡುತ್ತಾರೆ. ಇಂಗ್ಲಿಷ್ ಸೀರಿಯಲ್ ನೋಡಿ ಅದೇ ನಮ್ಮ ಕಾನೂನು ಅಂದುಕೊಂಡವರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಖರೀದಿ ಮಾಡಿದ ದಿನವೇ ಈ ಎರಡೂ ಸೆಟ್ಟಿಂಗ್ ಬದಲಿಸಿಕೊಳ್ಳಿ. ಜೊತೆಗೆ ಬಂದ ಪುಸ್ತಕದಲ್ಲಿ ಅದು ಎಲ್ಲೋ ಕೊನೆಯ ಪುಟದಲ್ಲಿ ಇರುವೆ ಅಕ್ಷರದಲ್ಲಿದೆ. ಮಷಿನ್‌ಗೆ ನಾನು ಅಂಕ ಕಡಿಮೆ ಮಾಡುವುದು ಇದಕ್ಕೇ.

ಆಮೇಲೆ ರಾತ್ರಿ ಹೀಗೆ ಹೋಯಿತು. ಒಂದು ತಾಸಿಗೆ 0.042 ಇದ್ದದ್ದು ಎರಡು ತಾಸಿಗೆ 0.029. ಅಂದರೆ ಮಿತಿಯ ಕೆಳಗೆ. ಮೂರು ತಾಸಿಗೆ 0.014. ನಾಲ್ಕನೇ ತಾಸಿನ ಹೊತ್ತಿಗೆ ತಮ್ಮ ನಿದ್ದೆಗಣ್ಣಲ್ಲಿ ಬೈಯುತ್ತಾ ಊದಿದ, 0.000. ಸಾಮಾನ್ಯ ಮನುಷ್ಯನ ಲಿವರ್ 100 ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ ತಾಸಿಗೆ 15 ಮಿಲಿಗ್ರಾಂ ಸುಮಾರಿಗೆ ಇಳಿಸುತ್ತದೆ, ಅಂದರೆ 0.015. ಕೆಲವರಲ್ಲಿ ಹತ್ತು, ಕೆಲವರಲ್ಲಿ ಇಪ್ಪತ್ತರ ಮೇಲೆ. ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದಕ್ಕೂ ಅದು ಜಗ್ಗುವುದಿಲ್ಲ.

ನೋಟ್‌ಬುಕ್ ಅವನ ಮುಂದೆ ಇಟ್ಟೆ. ಕುಡಿದವನು ನೀನೇ, ಸೊನ್ನೆ ಬಂದವನೂ ನೀನೇ. ಒಂಬತ್ತು ತಾಸು ಬೇಕಾಗಲಿಲ್ಲ, ನಾಲ್ಕು ಸಾಕಾಯಿತು. ಹೀಗಿರುವಾಗ ಯಾವಾಗ ತೆಗೆದ ರಕ್ತ ಅಂತ ಹೇಳದೆ ಸೊನ್ನೆ ಅಂತ ಬರೆಯುವುದಾದರೂ ಹೇಗೆ?

ಅವನು ಬೆಳಿಗ್ಗೆ ಕುಳಿತು ಮತ್ತೊಂದು ಅಂಕಣ ಬರೆದ. ನಾನು ಓದಿದೆ. ಮೊದಲ ಸಾಲೇ "ಕಳೆದ ವಾರದ ನನ್ನ ಮಾತನ್ನು ಕೆಲವರು ತಪ್ಪಾಗಿ ತಿಳಿದಿರಬಹುದು" ಅಂತ. ಯಾರೂ ತಪ್ಪಾಗಿ ತಿಳಿದಿಲ್ಲಪ್ಪ, ನೀನು ಬರೆದದ್ದನ್ನೇ ತಿಳಿದಿದ್ದಾರೆ ಅಂದೆ. ಅದನ್ನು ಹೊಡೆದು ಹಾಕಿದ. ಕೆಳಗೆ ಹೋದರೆ ಇನ್ನೂ ದೊಡ್ಡ ಎಡವಟ್ಟು. ತಡವಾಗಿ ರಕ್ತ ತೆಗೆದದ್ದೇ ಆ ಅಧಿಕಾರಿ ಕುಡಿದಿದ್ದರು ಅನ್ನೋದಕ್ಕೆ ಪುರಾವೆ ಅಂತ ಬರೆದಿದ್ದ. ಹೋದ ವಾರ ಸೊನ್ನೆಯಿಂದ ನಿರಪರಾಧಿ ಮಾಡಿದ್ದ, ಈ ವಾರ ಅದೇ ಸೊನ್ನೆಯಿಂದ ಅಪರಾಧಿ ಮಾಡಲು ಹೊರಟಿದ್ದ.

ಇದನ್ನು ಬಿಡಿಸಿ ಹೇಳಲು ಎರಡು ಲೋಟ ಚಹಾ ಖರ್ಚಾಯಿತು. ತಡವಾದ ಸೊನ್ನೆ ಏನನ್ನೂ ಹೇಳುವುದಿಲ್ಲ. ಒಂದು ಹನಿ ಮುಟ್ಟದವನಿಗೂ ಅದೇ ಸೊನ್ನೆ, ನೈಂಟಿ ಹಾಕಿದವನಿಗೂ ಅದೇ ಸೊನ್ನೆ. ತಡ ಮಾಡಿದ್ದು ಪೊಲೀಸರ ಮೇಲಿನ ಪ್ರಶ್ನೆ. ಕುಡಿದಿದ್ದರೇ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಸಾಕ್ಷಿ ಬೇಕು, ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ಆ ಕೇಸಿನಲ್ಲಿ 2022ರಲ್ಲಿ ಕೆಳಗಿನ ಕೋರ್ಟು ನರಹತ್ಯೆಯ 304ನೇ ಕಲಂ ತೆಗೆದು ಹಾಕಿತ್ತು, 2023ರಲ್ಲಿ ಕೇರಳ ಹೈಕೋರ್ಟು ಅದನ್ನು ಮತ್ತೆ ಸೇರಿಸಿತು. ವಿಚಾರಣೆ ನಡೆಯಲಿ ಅಂದದ್ದೇ ಹೊರತು, ಅಪರಾಧಿ ಅಂತ ಹೇಳಿದ್ದಲ್ಲ. ಇದಿಷ್ಟನ್ನೂ ಬರೆ ಅಂದೆ.

ಕೊನೆಗೆ ಅಚ್ಚಾದದ್ದು ಚೆನ್ನಾಗಿತ್ತು, ಅಕ್ಕ ಅಂತ ಹೇಳುತ್ತಿಲ್ಲ. ನಾನು ಬರೆದ ವಾಕ್ಯ ಇದು, ಅದು ತಪ್ಪು, ತಪ್ಪಾದದ್ದು ಇಲ್ಲಿ, ಈಗ ಹೇಳಬಹುದಾದದ್ದು ಇಷ್ಟು ಮಾತ್ರ. ನಾಲ್ಕೇ ಸಾಲು. ಸಂಪಾದಕರು ಅದನ್ನು ಒಳಪುಟದಲ್ಲಿ ಟೆಂಡರ್ ನೋಟಿಸ್ ಪಕ್ಕ ಹಾಕೋಣ ಅಂದರಂತೆ. ಇವನು ಒಪ್ಪಲಿಲ್ಲ, ಅಂಕಣದ ತಲೆಯಲ್ಲೇ ಬರಬೇಕು ಅಂತ ಹಟ ಹಿಡಿದ. ವಾಕಿಂಗ್ ಗೆಳೆಯರಲ್ಲಿ ಒಬ್ಬರು ಮಾತ್ರ "ಏನ್ರೀ, ಪಾರ್ಟಿ ಬದಲ ಮಾಡಿದ್ರೇನು?" ಅಂತ ಕೇಳಿದರು. ಮಾಧ್ಯಮದವರು ಜಡ್ಜ್ ಆಗಬಾರದು ಅನ್ನುವ ಅವನ ಮೂಲ ಮಾತು ಇದರಿಂದ ಬಿದ್ದು ಹೋಗಲಿಲ್ಲ. ಉದಾಹರಣೆ ಮಾತ್ರ ಬಿತ್ತು. ಅದನ್ನು ಅವನು ಆ ಗೆಳೆಯರಿಗೆ ಇನ್ನೂ ಹೇಳುತ್ತಲೇ ಇದ್ದಾನೆ.

ಮಷಿನ್‌ಗೆ ಬರೋಣ. ಇದರಿಂದ ಆಗದ ಕೆಲಸಗಳೂ ಇವೆ.

ಇದರ ಅಂಕಿ ಕೋರ್ಟಿಗೆ ನಡೆಯುವುದಿಲ್ಲ. ಪೊಲೀಸರ ಮಷಿನ್ ಹೊತ್ತು, ತಾರೀಖು ಸಮೇತ ಚೀಟಿ ಮುದ್ರಿಸುತ್ತದೆ, ನಮ್ಮದು ಬರೀ ತೋರಿಸುತ್ತದೆ. ನನಗಿದು ದೊಡ್ಡ ಕೊರತೆ ಅನ್ನಿಸಿತು. ಕೊನೆಯ ಕೆಲವು ಅಂಕಿಗಳನ್ನು ನೆನಪಿಡುತ್ತದೆ, ಆದರೆ ಎಷ್ಟು ಗಂಟೆಗೆ ಊದಿದ್ದು ಅನ್ನೋದು ಇಲ್ಲ. ಹೊತ್ತಿಲ್ಲದ ಅಂಕಿಯಿಂದಲೇ ನಮ್ಮ ಮನೆಯಲ್ಲಿ ಇಷ್ಟೆಲ್ಲ ಆದದ್ದು. ಪಕ್ಕದಲ್ಲಿ ಒಂದು ಪುಸ್ತಕ, ಪೆನ್ನು ಇಟ್ಟುಕೊಳ್ಳಿ.

ನಿಮ್ಮನ್ನು ಪೊಲೀಸರು ಹಿಡಿದಾಗ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ದಾರಿ ರಕ್ತ ಪರೀಕ್ಷೆಯದು, ಮನೆಯ ಮಷಿನ್‌ದಲ್ಲ. 185ರ ಕೆಳಗೆ ಬಂಧಿಸಿದರೆ ಎರಡು ತಾಸಿನೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು ಅಂತ 202ನೇ ಕಲಂ ಹೇಳುತ್ತದೆ. ಕಾನೂನು ಮಾಡಿದವರಿಗೂ ಗಡಿಯಾರದ ವಿಷಯ ಗೊತ್ತಿತ್ತು ನೋಡಿ.

ರಕ್ತ ತೆಗೆಯುವುದರಲ್ಲೂ ತಪ್ಪಾಗಲು ಹತ್ತು ಜಾಗ ಇವೆ. ನಾನು ಕೆಲಸದಲ್ಲಿದ್ದಾಗ ಹೊಸ ಹುಡುಗರಿಗೆ ಮೊದಲು ಹೇಳುತ್ತಿದ್ದದ್ದು ಸ್ಪಿರಿಟ್ ಹತ್ತಿ ಮುಟ್ಟಬೇಡಿ ಅಂತ. ಆಲ್ಕೋಹಾಲ್ ಹುಡುಕುವ ಕೈಗೆ ಆಲ್ಕೋಹಾಲ್‌ನಿಂದಲೇ ಒರೆಸಿದರೆ ವಕೀಲರು ಬಿಡುತ್ತಾರೆಯೇ? ಬೂದು ಮುಚ್ಚಳದ ಟ್ಯೂಬ್ ಬೇಕು. ಅದರ ತಳದಲ್ಲಿ ಬಿಳಿ ಪುಡಿ ಇರುತ್ತದೆ, ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಷಿಯಂ ಆಕ್ಸಲೇಟ್. ರಕ್ತ ಹಾಕಿ ನಿಧಾನ ತಲೆಕೆಳಗು ಮಾಡಿ ಮಾಡಿ ಬೆರೆಸಬೇಕು, ಕುಲುಕಬಾರದು. ಪುಡಿ ಸರಿಯಾಗಿ ಬೆರೆಯದೆ ಟ್ಯೂಬ್ ಬಿಸಿಲಲ್ಲಿ ಕುಳಿತರೆ ಒಳಗಿನ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ತಾವೇ ಆಲ್ಕೋಹಾಲ್ ಮಾಡಬಹುದು. ಆಮೇಲೆ ಅರಗಿನ ಸೀಲು, ಹೆಸರು, ತೆಗೆದ ಹೊತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಸಹಿ. ಆಸ್ಪತ್ರೆಯವರು ಚಿಕಿತ್ಸೆಗಾಗಿ ಸೀರಂನಲ್ಲಿ, ಅಂದರೆ ರಕ್ತಕಣ ಬಿಟ್ಟು ಉಳಿದ ತಿಳಿಯಲ್ಲಿ, ನೋಡಿದ ಅಂಕಿ ಇಡೀ ರಕ್ತದ ಅಂಕಿಗಿಂತ ಹತ್ತರಿಂದ ಇಪ್ಪತ್ತು ಶೇಕಡಾ ಜಾಸ್ತಿ ಬರುತ್ತದೆ. ಅದನ್ನೇ ತಂದು ಮೂವತ್ತರ ಜೊತೆ ಹೋಲಿಸಬಾರದು.

ಪುಣೆಯ ಕೇಸಿನಲ್ಲಿ ಟ್ಯೂಬೇ ಬದಲಾಯಿತು ಅನ್ನೋದು ಪೊಲೀಸರ ಆರೋಪ. ಹುಡುಗನ ರಕ್ತ ಎಸೆದು ತಾಯಿಯ ರಕ್ತ ಇಟ್ಟರು ಅಂತ ವೈದ್ಯರನ್ನೂ ಬಂಧಿಸಿದರು. ಬೇರೆ ಆಸ್ಪತ್ರೆಯಲ್ಲಿ ತೆಗೆಸಿದ ಇನ್ನೊಂದು ಸ್ಯಾಂಪಲ್ಲಿನ ಡಿಎನ್‌ಎ ನೋಡಿದ್ದರಿಂದ ಅದು ಹೊರಗೆ ಬಂತು. ನಾವು ಲ್ಯಾಬಿನವರು ಆ ಸುದ್ದಿ ಓದಿ ತಲೆ ತಗ್ಗಿಸಿದೆವು. ಅಲ್ಲೂ ವರದಿಯಲ್ಲಿ ಸೊನ್ನೆಯೇ ಬರುತ್ತಿತ್ತಲ್ಲ.

ಯಾರು ಕೊಳ್ಳಬೇಕು? ಟ್ರಾವೆಲ್ಸ್ ಇಟ್ಟವರು, ರಾತ್ರಿ ಲಾರಿ ಕಳಿಸುವವರು ಕೊಳ್ಳಿ. ಮದುವೆ ಊಟ ಮುಗಿಸಿ ಗದಗ, ಹಾವೇರಿ ಕಡೆ ರಾತ್ರಿ ಗಾಡಿ ಬಿಡುವ ಮನೆಗಳಿಗೂ ಆಗುತ್ತದೆ. ಆದರೆ 0.02 ಬಂತು, ನಡೀತದ ಅಂತ ಕೀಲಿ ಕೊಡಬೇಡಿ. ಈಗಷ್ಟೇ ಕುಡಿದವನ ಅಂಕಿ ಏರುತ್ತಾ ಇರಬಹುದು, ಅರ್ಧ ತಾಸಿನಲ್ಲಿ ಬೈಪಾಸ್ ಮೇಲೆ 0.04 ಆಗಿರುತ್ತದೆ. ನನ್ನ ಲೆಕ್ಕದಲ್ಲಿ ಮನೆಯ ಮಷಿನ್‌ಗೆ ಎರಡೇ ಉತ್ತರ: ಸೊನ್ನೆ ಬಂದರೆ ಹೋಗು, ಬೇರೆ ಏನೇ ಬಂದರೂ ಮಲಗು.

ಖರ್ಚಿನ ವಿಷಯ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ. ಸೆನ್ಸರ್ ದಿನ ಕಳೆದಂತೆ ಜಾರುತ್ತದೆ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕ್ಯಾಲಿಬ್ರೇಷನ್, ಅಂದರೆ ಅಂಕಿ ಮತ್ತೆ ಸರಿ ಹೊಂದಿಸುವ ಕೆಲಸ, ಮಾಡಿಸಬೇಕು. ನಮಗೆ ಅದನ್ನು ಪುಣೆಗೆ ಕೊರಿಯರ್ ಮಾಡಬೇಕು ಅಂದರು, ಹೋಗಿ ಬರುವ ಖರ್ಚು ನಮ್ಮದು. ಪೈಪ್‌ಗಳು ಡಬ್ಬಿಯಲ್ಲಿ ಬೆರಳೆಣಿಕೆಯಷ್ಟೇ ಬರುತ್ತವೆ, ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದುವ ಹಾಗಿಲ್ಲ. ನೂರರ ಪ್ಯಾಕೆಟ್ ಬೇರೆ ಸಿಗುತ್ತದೆ. ಬಿಲ್ ಮಾಡಿಸುವಾಗಲೇ ಹೇಳಿ ತಗೊಳ್ಳಿ, ಆಮೇಲೆ ಅದೊಂದಕ್ಕೆ ಹುಬ್ಬಳ್ಳಿಗೆ ಅಲೆಯುವುದು ಬೇಡ.